ಶೇಷ ರದ್ದಾದ ರಾಜ್ಯ

ಬಹಳ ಹಿಂದೆ, ಈಗ ಯಾರೂ ಮಾನನಷ್ಟ ಮೊಕದ್ದಮೆ ಹೂಡಲಾಗದಷ್ಟು ಹಿಂದೆ, ಸಮಪುರವೆಂಬ ರಾಜ್ಯವಿತ್ತು. ಅಲ್ಲಿಯ ಸರ್ವಸಮ ಮಹಾರಾಜರಿಗೆ ಎಷ್ಟು ವರ್ಷ ತುಂಬಿತೋ ಅಷ್ಟು ಸಾಲುಗಳಲ್ಲಿ ಪ್ರಜೆಗಳೆಲ್ಲ ಸಮನಾಗಿ ನಿಂತು ಕೈಮುಗಿಯುವುದು ಹುಟ್ಟುಹಬ್ಬದ ಪದ್ಧತಿ. ಅದುವರೆಗೆ ಜನರನ್ನು ಯಾರೂ ಎಣಿಸಿರಲಿಲ್ಲವಾದ್ದರಿಂದ ಸಾಲುಗಳು ಪ್ರತಿವರ್ಷವೂ ಸಮವಾಗಿಯೇ ಇದ್ದವು.

ನಲವತ್ತೆರಡನೆಯ ವರ್ಷ, ಎಣಿಸುವ ಕೆಲಸ ಆಸ್ಥಾನದ ಗಣಿತಜ್ಞ ಕಲ್ಲಿನಾಥನ ತಲೆಗೆ ಬಿತ್ತು. ಮುದುಕ ಪ್ರಾಮಾಣಿಕ, ಅದೊಂದು ಬಿಟ್ಟರೆ ಒಳ್ಳೆಯ ನೌಕರ. ಮನೆಯಲ್ಲಿ ಮಗಳು ನೀಲವ್ವ ತುಂಬು ಬಸುರಿ. ಬೇಗ ಮುಗಿಸಿ ಹೋಗೋಣವೆಂದು ಇದ್ದದ್ದನ್ನು ಇದ್ದಂತೆ ಅರಿಕೆ ಮಾಡಿದ: ಪ್ರಜೆಗಳು ಒಂದು ಲಕ್ಷದ ಮೂರು. ನಲವತ್ತೆರಡರಿಂದ ಭಾಗಿಸಿದರೆ ಒಂದು ಉಳಿಯುತ್ತದೆ. ಏಳಕ್ಕಾಗಲಿ ಹದಿಮೂರಕ್ಕಾಗಲಿ, ಒಂದಕ್ಕೂ ತನಗೂ ಬಿಟ್ಟು ಒಂದು ಲಕ್ಷದ ಮೂರು ಯಾರಿಗೂ ಬಗ್ಗುವ ಸಂಖ್ಯೆಯಲ್ಲ.

“ನಮಗೂ ಬಗ್ಗುವುದಿಲ್ಲವೇ?” ಎಂದರು ಮಹಾರಾಜರು.

ಮಹಾಮಂತ್ರಿ ತಥಾಸ್ತುರಾಯರು ಎದ್ದು, “ಪ್ರಭುಗಳ ಪ್ರತಾಪಕ್ಕೆ ಬಗ್ಗದ ಸಂಖ್ಯೆ ಇನ್ನೂ ಹುಟ್ಟಿಲ್ಲ. ಇದು ಗಣಿತದ ತೊಂದರೆಯಲ್ಲ, ಕಾನೂನಿನ ಕೊರತೆ” ಎಂದರು. ಮಧ್ಯಾಹ್ನದೊಳಗೆ ಸುಗ್ರೀವಾಜ್ಞೆ ಹೊರಟಿತು: ಇನ್ನು ಮುಂದೆ ಭಾಗಾಕಾರದಲ್ಲಿ ಶೇಷ ಉಳಿಯತಕ್ಕದ್ದಲ್ಲ. ಈಗಾಗಲೇ ಉಳಿದ ಒಂದನ್ನು ಕಂಡುಹಿಡಿದವನೇ ತುಂಬಿಕೊಡಲಿ ಎಂದು ಉಪಸಮಿತಿ ಶಿಫಾರಸು ಮಾಡಿತು. ಪ್ರಜೆಗಳ ಲೆಕ್ಕದಿಂದ ಕಲ್ಲಿನಾಥನ ಹೆಸರು ಹೊಡೆದುಹಾಕಿ ಅವನನ್ನು ಕೋಟೆಯ ಹೊರಗಟ್ಟಿದರು.

ನೀಲವ್ವ ಕೋಟೆಯ ಬಾಗಿಲವರೆಗೆ ಬಂದು ಅತ್ತಳು. “ಒಂದ ಉಳಿತೈತಿ ಅಂತ ಯಾಕ ಹೇಳಾಕ ಹೋದ್ಯೋ ಯಪ್ಪಾ?”

“ಉಳಿದಿತ್ತಲ್ಲವ್ವಾ” ಎಂದ ಕಲ್ಲಿನಾಥ.

ಸಾಲುಗಳೇನೋ ಸಮವಾದವು. ಅಷ್ಟರಲ್ಲಿ ನೀಲವ್ವ ಹೆಣ್ಣುಮಗು ಹೆತ್ತು ಲೆಕ್ಕ ಕೆಡಿಸಿದಳು. ಎರಡನೆಯ ಸುಗ್ರೀವಾಜ್ಞೆ ಬಂತು: ಹುಟ್ಟುವವರು ನಲವತ್ತೆರಡು ಆಗುವವರೆಗೆ ಕೋಟೆಯ ಹೊರಗೆ ಕಾಯತಕ್ಕದ್ದು, ಸಾಯುವವರೂ ಅಷ್ಟೇ ಮಂದಿ ಕೂಡಿಕೊಂಡು ಅರ್ಜಿ ಹಾಕತಕ್ಕದ್ದು. ತಾಯಂದಿರು ಲೆಕ್ಕದಲ್ಲಿದ್ದುದರಿಂದ ಅವರು ಹೊರಹೋಗುವಂತಿಲ್ಲ. ಲೆಕ್ಕಕ್ಕಿಲ್ಲದವನು ಕಲ್ಲಿನಾಥ ಒಬ್ಬನೇ. ಕೂಸುಗಳೆಲ್ಲ ಅವನ ಮಡಿಲಿಗೆ ಬಂದವು. ಹಾಲೂಡಿಸಲು ಬಾಗಿಲಲ್ಲೊಂದು ಕಿಂಡಿ ಕೊರೆದು ಮಂತ್ರಿಗಳು ಅದನ್ನು ಉದ್ಘಾಟಿಸಿದರು.

ಹುಟ್ಟುಹಬ್ಬದ ಬೆಳಗ್ಗೆ ನಲವತ್ತೊಂದು ಕೂಸುಗಳಿದ್ದವು. ಇನ್ನೊಂದು ಬಂದರೆ ಮೊಮ್ಮಗಳು ತಾಯಿಯ ಮಡಿಲು ಸೇರುತ್ತಾಳೆಂದು ಮುದುಕ ಕಾಯುತ್ತಿದ್ದ. ಬಂದದ್ದು ಅವಳಿ.

ನಲವತ್ತಮೂರು. ಅದೂ ಯಾರಿಗೂ ಬಗ್ಗದ ಸಂಖ್ಯೆಯೇ.

ಅವಳಿಯ ತಾಯಿ ಕಿಂಡಿಯಲ್ಲಿ ಮುಖವಿಟ್ಟು, “ಯಾವುದನ್ನ ಬಿಡ್ತೀ ಅಜ್ಜಾ?” ಎಂದಳು. ಕೂಸುಗಳನ್ನು ಒಳಗೊಯ್ಯಲು ಗಾಡಿ ತಂದ ಕಾವಲುಗಾರ ಎಷ್ಟೆಂದು ಕೇಳಿದ. ಕಲ್ಲಿನಾಥ ಮೊಮ್ಮಗಳನ್ನು ಕಂಬಳಿಯೊಳಗೆ ಸರಿಸಿಕೊಂಡು, ಹುಟ್ಟಿದ ಮೇಲೆ ಮೊದಲ ಸಲ ಸುಳ್ಳು ಹೇಳಿದ.

“ನಲವತ್ತೆರಡು. ಏನೂ ಉಳಿದಿಲ್ಲ.”

ಮುದುಕ ಕಡೆಗೂ ಗಣಿತ ಕಲಿತನೆಂದು ತಥಾಸ್ತುರಾಯರು ಮೆಚ್ಚಿದರು. ಮಹಾರಾಜರಿಗೆ ವಿಶ್ವವಿದ್ಯಾಲಯವು ‘ಶೇಷಾಂತಕ’ ಬಿರುದನ್ನೂ ಗಣಿತದಲ್ಲಿ ಗೌರವ ಡಾಕ್ಟರೇಟನ್ನೂ ಕೊಟ್ಟಿತು. ಚಪ್ಪಾಳೆಯ ನಡುವೆ ನೀಲವ್ವ ಗಾಡಿಯ ಬಳಿ ನಿಂತು, ನಲವತ್ತೆರಡೂ ಕೂಸುಗಳ ಮುಖ ನೋಡಿ, ಮತ್ತೆ ಮೊದಲಿನಿಂದ ನೋಡತೊಡಗಿದಳು.