ಅಡುಗೆಮನೆಗೂ ಬಂದ ವೈಫೈ

ಸಣ್ಣಸ್ವಾಮಿ ಮೊರದಲ್ಲಿ ಅಕ್ಕಿ ಹರಡಿಕೊಂಡು ಕಲ್ಲು ಆರಿಸುತ್ತಿದ್ದ. ಅರ್ಧ ಮುಗಿದಿತ್ತು. ಅಷ್ಟರಲ್ಲಿ ಪಕ್ಕದ ಕ್ವಾರ್ಟರ್ಸಿನ ಶಶಿಕುಮಾರ್ ಅಡುಗೆಮನೆ ಬಾಗಿಲಲ್ಲಿ ತಲೆ ಹಾಕಿದ.

"ರೈಟ್ರೇ, ಮ್ಯಾನೇಜರ್ ಸಾಹೇಬ್ರು ಮ್ಯಾಚ್ ನೋಡಕ್ಕೆ ನಿಮ್ಮನೆಗೇ ಬರ್ತಾರಂತೆ! ಬಂಗಲೆ ಟಿವಿ ಕೆಟ್ಟೋಗಿದೆ. ಇವತ್ತು ಕೊಡವ ಮನೆತನಗಳ ಹಾಕಿ ಫೈನಲ್ಲು, ಅವ್ರ ಮನೆಯವ್ರೇ ಆಡ್ತಿದಾರೆ."

"ನಮ್ಮನೇಲಿ ವೈಫೈ ಇಲ್ಲ ಅನ್ನೋ ಹಂಗಿದೆ ಮಾರಾಯ. ಟಿವಿ ಸುಮ್ನೆ ಸುತ್ತುತ್ತಾ ಕೂರುತ್ತೆ."

"ಅದನ್ನ ಸರಿ ಮಾಡಕ್ಕೇ ಅಲ್ವಾ ನಾನ್ ಬಂದಿರೋದು!"

ಸಣ್ಣಸ್ವಾಮಿಯ ಕೈಯ ಕಲ್ಲು ಮತ್ತೆ ಅಕ್ಕಿಗೇ ಬಿತ್ತು. ಆ ವೈಫೈ ಸರಿಯಿಲ್ಲದ್ದರಿಂದಲೇ ಅವನ ನೌಕರಿ ಉಳಿದಿತ್ತು.

ಕೊಡಗಿನ ಸಿದ್ದಾಪುರದ ಆಚೆಯ ಆ ಕಾಫಿ ಎಸ್ಟೇಟಿನಲ್ಲಿ ಅವನು ಹಾಜರಿ ಬರೆಯುವ ರೈಟರು. ಆದರೆ ದಿನಾ ಬೆಳಗ್ಗೆ, ಆಳುಗಳು ತೋಟಕ್ಕೆ ಇಳಿಯುವ ಮೊದಲು, ಒಳಗೆ ಆನೆ ಇದೆಯೋ ಇಲ್ಲವೋ ನೋಡಿ ಬರಲು ಮ್ಯಾನೇಜರ್ ಪೊನ್ನಪ್ಪ ಅವನನ್ನೇ ಅಟ್ಟುತ್ತಿದ್ದರು. ಹೋದ ವರ್ಷ ಹಲಸಿನ ಮರದ ಕೆಳಗೆ ಆನೆಯೊಂದು ಅವನನ್ನು ನೋಡಿ ಕಿವಿ ಬೀಸಿತ್ತು. ಅಂದು ಓಡಿಬಂದವನೇ ಮಗಳ ಹಳೆಯ ಟ್ಯಾಬಿನಲ್ಲಿ ಮೈಸೂರಿನ ಮಾಲೀಕರಿಗೆ ಇ-ಮೇಲಿನಲ್ಲಿ ಕಾಗದ ಬರೆದು 'ಕಳುಹಿಸು' ಒತ್ತಿದ್ದ. ಅಡುಗೆಮನೆಗೆ ವೈಫೈ ಬರದೆ, ಬಂದೊಡನೆ ಹೊರಟುಬಿಡುವಂತೆ ಅದು ಟ್ಯಾಬಿನಲ್ಲೇ ಉಳಿಯಿತು. ಸಿಟ್ಟಿಳಿದ ಮೇಲೆ ಹೆದರಿಕೆ ಹತ್ತಿತು. ಅಳಿಸೋಣವೆಂದರೆ ಮನಸ್ಸು ಬರಲಿಲ್ಲ. ಜನ್ಮದಲ್ಲಿ ಅವನು ತೋರಿದ ಧೈರ್ಯ ಅದೊಂದೇ. ಟ್ಯಾಬು ಅಕ್ಕಿ ಡಬ್ಬದ ಹಿಂದೆ ಸೇರಿತು.

ಶಶಿಕುಮಾರ್ ಕಬ್ಬಿಣದ ಬೀರುವಿನ ಹಿಂದಿದ್ದ ರೌಟರನ್ನು ಎಳೆದು ನಡುಮನೆಯ ಎತ್ತರದ ಹಲಗೆಗೆ ಏರಿಸಿದ. ಟಿವಿಯಲ್ಲಿ ಚಿತ್ರ ಕದಲಿತು. ಅವನು ಆಚೆ ಹೋದದ್ದೇ ತಡ, ಸಣ್ಣಸ್ವಾಮಿ ವೈಫೈಗೆ ಅಡ್ಡವಾಗಲೆಂದು ತುಂಬಿದ ನೀರಿನ ಬಿಂದಿಗೆ ತಂದು ರೌಟರಿನ ಮುಂದಿಟ್ಟ.

"ಏನ್ರೀ ಇದು, ಅದಕ್ಕೇನು ಬಾಯಾರಿಕೆನಾ?" ಎಂದು ಹೆಂಡತಿ ಚಲುವಮ್ಮ ಬಿಂದಿಗೆ ಇಳಿಸಿದಳು.

ಶಶಿಕುಮಾರ್ ತನ್ನ ಮನೆಯಿಂದ ಅಂಗೈಯಗಲದ ಬಿಳಿ ಪೆಟ್ಟಿಗೆ ತಂದ. "ಇದು ವೈಫೈನ ದೂರಕ್ಕೆ ಹರಡುತ್ತೆ ಅಕ್ಕಾ. ಎಲ್ಲಿ ಹಾಕ್ಲಿ?"

"ಮಿಕ್ಸಿ ಪಕ್ಕ ಪ್ಲಗ್ ಖಾಲಿ ಇದೆ ನೋಡಪ್ಪ."

"ಅಡುಗೆಮನೆ ಬೇಡ!" ಸಣ್ಣಸ್ವಾಮಿಯ ದನಿ ಒಡೆದ ಪೀಪಿಯಂತೆ ಬಂತು. ಅಷ್ಟರಲ್ಲಿ ಪೆಟ್ಟಿಗೆಯ ಹಸಿರು ದೀಪ ಹತ್ತಿತ್ತು. ಅವನಿಗೆ ಕತ್ತಲಲ್ಲಿ ಆನೆಯ ಕಣ್ಣು ಕಂಡಂತಾಯಿತು.

ಪೊನ್ನಪ್ಪ ಬಂದು ಕುರ್ಚಿ ತುಂಬ ಕೂತರು. ಮ್ಯಾಚ್ ಬರುವ ಆ್ಯಪ್ ಟಿವಿಯಲ್ಲಿರಲಿಲ್ಲ. ಶಶಿಕುಮಾರನ ಫೋನು ಟಿವಿಗೆ ಸೇರಲೊಲ್ಲದು.

"ನಮ್ಮ ಟ್ಯಾಬ್ ಇದೆಯಲ್ಲ!" ಚಲುವಮ್ಮ ಅಕ್ಕಿ ಡಬ್ಬ ಸರಿಸಿ ತಂದೇಬಿಟ್ಟಳು. ಶಶಿಕುಮಾರ್ ಅದನ್ನು ಚಾರ್ಜಿಗೆ ಹಾಕಿ, ವೈಫೈಗೆ ಸೇರಿಸಿ, ಇನ್ನೇನನ್ನೋ ಒತ್ತಿ, "ಹಿಡೀರಿ ರೈಟ್ರೇ, ಆ್ಯಪ್ ಹುಡುಕಿ" ಎಂದ.

ಸಣ್ಣಸ್ವಾಮಿ ಗೋಡೆಗೆ ಮುಖ ಮಾಡಿ ಮೊದಲು ಕಾಗದವನ್ನೇ ಹುಡುಕಿದ. ಇನ್ನೂ ಹೋಗಿರಲಿಲ್ಲ. ಅಳಿಸಲು ಒತ್ತಿದರೆ, ಬೆರಳು ಜಾರಿ ಕಾಗದ ಬಿಚ್ಚಿಕೊಂಡಿತು. ಹಿಂದೆ ಪೊನ್ನಪ್ಪನವರ ಕುರ್ಚಿ ಕಿರುಗುಟ್ಟಿತು. ತಿರುಗಿದ. ಶಶಿಕುಮಾರ್ ಒತ್ತಿದ್ದು ಟ್ಯಾಬನ್ನು ಟಿವಿಗೆ ಸೇರಿಸಲೆಂದು. ಟಿವಿಯ ತುಂಬ, ಕಡಲೆಬೀಜದಷ್ಟು ದಪ್ಪ ಅಕ್ಷರದಲ್ಲಿ, ಅವನದೇ ಕಾಗದ:

'ಮ್ಯಾನೇಜರ್ ಪೊನ್ನಪ್ಪನವರು ಬಂಗಲೆಯಲ್ಲಿ ಕಾಫಿ ಕುಡಿಯುತ್ತ ನನ್ನನ್ನು ಆನೆಯ ಕಾಲಡಿಗೆ ಕಳುಹಿಸುತ್ತಾರೆ. ಅವರಿಗೆ ಕರುಣೆಯಿಲ್ಲ. ದಯವಿಟ್ಟು ಅವರನ್ನು ಬೇರೆ ತೋಟಕ್ಕೆ ವರ್ಗ ಮಾಡಿ.'

ಪೊನ್ನಪ್ಪ ಎರಡು ಸಲ ಓದಿದರು. "ಯಾವಾಗ ಬರೆದದ್ದು?"

"ಹೋ... ಹೋದ ವರ್ಷ ಸಾರ್."

"ಒಂದು ವರ್ಷ ಇಟ್ಕೊಂಡು ಕೂತಿದ್ದೀರಾ? ನನ್ನ ಹೊಟ್ಟೆ ಉರಿಸ್ಬಿಟ್ರಲ್ರೀ!"

"ತಪ್ಪಾಯ್ತು ಸಾರ್. ಹೆದರಿಕೆ..."

"ನನಗೂ ಹೆದರಿಕೆನೇ ಕಣ್ರೀ! ಅದಕ್ಕೇ ನಿಮ್ಮನ್ನ ಕಳಿಸ್ತಿದ್ದದ್ದು. ಆನೆ ಇಲ್ಲದ ತೋಟಕ್ಕೆ ಹಾಕಿ ಅಂತ ಮಾಲೀಕರನ್ನ ಮೂರು ಸಲ ಕೇಳ್ದೆ, ಬಿಡಲಿಲ್ಲ. ಇಂಥ ದೂರು ಹೋದ್ರೆ ಬಿಡದೆ ಏನ್ಮಾಡ್ತಾರೆ? ಕೊಡಿ ಇಲ್ಲಿ."

ಸಣ್ಣಸ್ವಾಮಿಗೆ ಉಸಿರು ತಿರುಗಿತು. ಮುಖದಲ್ಲಿ ನಗು ಮೂಡುವುದರಲ್ಲಿತ್ತು.

"ಆದ್ರೆ ಆನೆ ಯಾರು ನೋಡ್ತಾರೆ ಅಂತ ತಕರಾರು ತೆಗೀತಾರೆ," ಎನ್ನುತ್ತ ಪೊನ್ನಪ್ಪ ಕಾಗದದ ಕೊನೆಗೆ ಟೈಪು ಮಾಡತೊಡಗಿದರು. ಒಂದೊಂದೇ ಅಕ್ಷರ ಟಿವಿಯಲ್ಲಿ ಮೂಡಿತು: 'ಆನೆ ನೋಡುವ ಕೆಲಸ ನನಗೆ ಚೆನ್ನಾಗಿ ರೂಢಿಯಾಗಿದೆ. ಹೊಸ ಮ್ಯಾನೇಜರ್ ಬಂದ ಮೇಲೂ ನಾನೇ ಮಾಡುತ್ತೇನೆ. ಇನ್ನು ಮುಂದೆ ಬೆಳಗಿನ ಜೊತೆಗೆ ಸಂಜೆಯ ಸುತ್ತೂ ನನಗೇ ಇರಲಿ. ಇಂತಿ ತಮ್ಮ ವಿಧೇಯ, ಸಣ್ಣಸ್ವಾಮಿ.'

"ಸಾರ್, ಸಂಜೆ..."

ಪೊನ್ನಪ್ಪ 'ಕಳುಹಿಸು' ಒತ್ತಿದರು. ವೈಫೈ ಈಗ ಬಲು ಚುರುಕಾಗಿತ್ತು. ಅವನ ಮಾತು ಮುಗಿಯುವ ಮೊದಲೇ ಕಾಗದ ಮೈಸೂರು ಮುಟ್ಟಿತ್ತು.