ಬೀಗರ ಮಾತ್ರೆಯ ಬಗ್ಗೆ ಸಮಿತಿಗೊಂದು ಅಹವಾಲು

ಔಷಧ ಪ್ರಚಾರ ನಿಯಂತ್ರಣ ಸಮಿತಿಯ ಮಾನ್ಯ ಅಧ್ಯಕ್ಷರೇ,

ರಾಜಧಾನಿಯಲ್ಲಿ ತಾವೂ, ತಮ್ಮ ಕುಟುಂಬದವರೂ, ಇದ್ದರೆ ತಮ್ಮ ಕುರಿ-ಕುದುರೆಗಳೂ ಕ್ಷೇಮವೆಂದು ನಂಬಿ, ಕೋಕ್-ಬುಲುನ್ ಹವಾಮಾನ ಕೇಂದ್ರದಲ್ಲಿ ಮೂವತ್ತೊಂದು ವರ್ಷ ಗಾಳಿಯ ವೇಗ ಬರೆದಿಟ್ಟು ನಿವೃತ್ತನಾದ ಸಾಗಿನ್‌ಬೇಕ್ ಎಂಬ ನಾನು ಬಲಗೈ ಎದೆಗಿಟ್ಟು ವಂದಿಸಿ ಈ ಬಹಿರಂಗ ಪತ್ರ ಬರೆಯುತ್ತಿದ್ದೇನೆ.

ಮೊದಲಿಗೆ ಅಭಿನಂದನೆ. ಔಷಧ ಕಂಪನಿಯವರು ಡಾಕ್ಟರರಿಗೆ ಊಟ, ಉಡುಗೊರೆ, ಸರೋವರದ ದಂಡೆಯ ಪ್ರವಾಸ ಕೊಟ್ಟು ತಮ್ಮ ಮಾತ್ರೆ ಬರೆಸಿಕೊಳ್ಳಬಾರದೆಂದು ತಾವು ಹೋದ ವಸಂತದಲ್ಲಿ ಹೊರಡಿಸಿದ ನಿಯಮಾವಳಿಯನ್ನು ನಾನು ಎರಡು ಸಲ ಓದಿದೆ. ಅಷ್ಟು ಬಿಗಿಯಾದ ಕಾನೂನು ನಮ್ಮ ಕಣಿವೆಗೆ ಬಂದದ್ದು ಇದೇ ಮೊದಲು. ಅದರ ಹದಿನಾಲ್ಕನೆಯ ಕಲಮಿನಲ್ಲಿ, ‘ರಕ್ತಸಂಬಂಧಿಗಳ ಮತ್ತು ಬೀಗರ ನಡುವೆ ಸಂಪ್ರದಾಯದಂತೆ ನಡೆಯುವ ಕೊಡುಕೊಳ್ಳುವಿಕೆಗೆ ಈ ನಿಯಮ ಅನ್ವಯಿಸದು’ ಎಂದು ತಾವು ಸೇರಿಸಿದ ಸಾಲಿನಲ್ಲಂತೂ ತಮ್ಮ ಹೃದಯವೈಶಾಲ್ಯ ಎದ್ದು ಕಾಣುತ್ತದೆ. ಆ ಸಾಲನ್ನು ನನಗಿಂತ ಮೊದಲು ಓದಿದವನು ನಮ್ಮೂರಿಗೆ ಬರುವ ಔಷಧ ಕಂಪನಿಯೊಂದರ ಪ್ರತಿನಿಧಿ ಕನಿಮೆತ್.

ಕನಿಮೆತನ ಹೆಂಡತಿ ಆಗ ಬಸುರಿ. ನಮ್ಮ ಆಸ್ಪತ್ರೆಯ ಡಾಕ್ಟರ್ ತೊಕ್ತೊಸುನ್ ಅವರ ಸೊಸೆಯೂ ಬಸುರಿ. ಹುಟ್ಟದ ಮಕ್ಕಳಿಗೆ ಸಂಬಂಧ ಕುದುರಿಸಿ ಬೀಗರಾಗುವ ನಮ್ಮ ಅಜ್ಜಂದಿರ ಪದ್ಧತಿ ಮರೆತುಹೋಗಿ ಎಷ್ಟೋ ಕಾಲವಾಗಿತ್ತು. ತಮ್ಮ ಕಲಮು ಅದಕ್ಕೆ ಮತ್ತೆ ಜೀವ ಕೊಟ್ಟಿತು. ಒಂದೇ ವಾರದಲ್ಲಿ ಕುರಿ ಕಡಿದು, ರೊಟ್ಟಿ ಮುರಿದು, ಕಂಪನಿಯೂ ಆಸ್ಪತ್ರೆಯೂ ಬೀಗರಾದವು. ಮೊದಲು ಪೆನ್ನು, ಕ್ಯಾಲೆಂಡರ್ ತರುತ್ತಿದ್ದ ಕನಿಮೆತ್ ಈಗ ಬೀಗರಿಗೆಂದು ಕಸೂತಿಯ ನಿಲುವಂಗಿ ತಂದ, ಫ್ರಿಜ್ ತಂದ, ಕಡೆಗೆ ಹಾಲು ಕೊಡುವ ಹೆಣ್ಣುಕುದುರೆಯೊಂದನ್ನು ತಂದು ಅಂಗಳದಲ್ಲಿ ಕಟ್ಟಿದ. ಎಲ್ಲವೂ ಕಾನೂನುಬದ್ಧ.

ಈಗ ನನ್ನದೊಂದು ಕ್ಷುಲ್ಲಕ ದೂರು. ನನ್ನ ಹೆಂಡತಿ ಸಾಲ್ಕಿನಾಯ್ ರಕ್ತದೊತ್ತಡಕ್ಕೆ ಒಂಬತ್ತು ವರ್ಷ ಒಂದು ಬಿಳಿ ಮಾತ್ರೆ ನುಂಗಿ ಹಾಯಾಗಿದ್ದಳು. ಬೀಗತನವಾದ ಮೇಲೆ ಡಾಕ್ಟರು ಅದನ್ನು ಬಿಡಿಸಿ ಕಂಪನಿಯ ಗುಲಾಬಿ ಮಾತ್ರೆ ಬರೆದರು. ಅವರ ಚೀಟಿಯಿಲ್ಲದೆ ಬಿಳಿ ಮಾತ್ರೆ ಅಂಗಡಿಯಲ್ಲೂ ಸಿಗದು. ಹತ್ತನೆಯ ದಿನಕ್ಕೆ ಒಣಕೆಮ್ಮು ಹಿಡಿಯಿತು. ಹಳೆಯ ಅಭ್ಯಾಸದಂತೆ ನಾನು ದಾಖಲೆ ಇಟ್ಟಿದ್ದೇನೆ: ಬೆಳಿಗ್ಗೆ ಗಂಟೆಗೆ ನಲವತ್ತು, ಸಂಜೆ ಅಡುಗೆಮನೆಯ ದಿಕ್ಕಿನಿಂದ ರಭಸವಾಗಿ ಅರವತ್ತು. ಹೋಗಿ ಹೇಳಿಕೊಂಡರೆ ಡಾಕ್ಟರು, “ಸಾಗಿನ್ ಅಣ್ಣ, ನೀವೂ ಸಂಸಾರಸ್ಥರು. ಬೀಗರು ತಂದಿದ್ದನ್ನ ಬೇಡ ಅಂದ್ರೆ ನಮ್ಮ ಮರ್ಯಾದೆ ಏನಾಗುತ್ತೆ ಹೇಳಿ” ಎಂದು, ಕೆಮ್ಮಿಗೆ ಅದೇ ಕಂಪನಿಯ ಸಿರಪ್ಪನ್ನೂ ಬರೆದುಕೊಟ್ಟರು.

ಕೆಮ್ಮಿನ ಸದ್ದು ನನಗೆ ಅಭ್ಯಾಸವಾಗಿದೆ. ಆದರೆ ನಮ್ಮೂರಲ್ಲಿ ಹುಟ್ಟಿದ ಕೂಸನ್ನು ಮೊದಲ ಸಲ ತೊಟ್ಟಿಲಿಗೆ ಹಾಕಿ, ಉರುಳದಂತೆ ಬಟ್ಟೆಯ ಪಟ್ಟಿ ಕಟ್ಟಿ, ಜೋಗುಳ ಹಾಡುವವಳು ಸಾಲ್ಕಿನಾಯ್. ಈ ಊರಿನ ಅರ್ಧ ಜನ ಅವಳ ಕೈಯಿಂದಲೇ ತೊಟ್ಟಿಲು ಕಂಡವರು. ಬೇಸಿಗೆಯಿಂದ ಅವಳನ್ನು ಒಬ್ಬರೂ ಕರೆದಿಲ್ಲ. “ಕೆಮ್ಮೋರ ಕೈಗೆ ಹಸುಗೂಸು ಕೊಡೋಕಾಗುತ್ತಾ ಅಕ್ಕ, ನೀವೇ ಹೇಳಿ” ಎಂದು ಪಕ್ಕದ ಮನೆಯವಳೇ ಬಾಗಿಲಲ್ಲಿ ನಿಂತು ಅಂದು ಹೋದಳು. ಅಂದಿನಿಂದ ನನ್ನ ಹೆಂಡತಿ ತೊಟ್ಟಿಲ ಪಟ್ಟಿಗಳನ್ನು ಒಗೆದು, ಇಸ್ತ್ರಿ ಮಾಡಿ, ಮಡಿಸಿಟ್ಟು, ವಾರ ಕಳೆಯುವುದರೊಳಗೆ ಮತ್ತೆ ಒಗೆಯುತ್ತಾಳೆ. ನನಗೆ ನೋಡಲಾಗುವುದಿಲ್ಲ, ಅಧ್ಯಕ್ಷರೇ.

ಮೊನ್ನೆ ಎರಡೂ ಮನೆಗಳಲ್ಲಿ ಗಂಡುಕೂಸೇ ಹುಟ್ಟಿದಾಗ, ಇನ್ನೇನು ಸಂಬಂಧ ಮುರಿಯಿತು, ಬಿಳಿ ಮಾತ್ರೆ ಬಂತು ಎಂದು ಹಿಗ್ಗಿದೆ. ನಮ್ಮ ಪದ್ಧತಿ ಅಷ್ಟು ಸುಲಭಕ್ಕೆ ಕೈಬಿಡುವಂಥದ್ದಲ್ಲ. ಎರಡೂ ಗಂಡಾದರೆ ಅವು ಅಣ್ಣತಮ್ಮಂದಿರಂತೆ; ಹೀಗಾಗಿ ಬೀಗರು ರಕ್ತಸಂಬಂಧಿಗಳಾಗಿ ಬಡ್ತಿ ಪಡೆದರು, ಆ ಸಂತೋಷಕ್ಕೆ ಕಂಪನಿ ಮಂಡಿನೋವಿಗೂ ಒಂದು ಮಾತ್ರೆ ತಂದಿತು.

ಇಷ್ಟೆಲ್ಲ ಆದರೂ ಹದಿನಾಲ್ಕನೆಯ ಕಲಮನ್ನು ಕಿತ್ತುಹಾಕಿ ಎನ್ನುವ ಉದ್ಧಟತನ ನನಗಿಲ್ಲ. ರೋಗಿಗಳನ್ನೂ ಡಾಕ್ಟರರ ಬೀಗರೆಂದು ಘೋಷಿಸಿದರೆ ಸಾಕು. ಆಗ ನಮ್ಮನ್ನು ನೋಯಿಸಲು ಅವರಿಗೂ ಸಂಕೋಚವಾದೀತು. ಅದು ಕಷ್ಟವೆಂದಾದರೆ ಸಮಿತಿಯ ಸದಸ್ಯರೆಲ್ಲರೂ ಒಂದು ತಿಂಗಳು ಗುಲಾಬಿ ಮಾತ್ರೆ ನುಂಗಿ, ಕೆಮ್ಮು ಬಿಡುವು ಕೊಟ್ಟಷ್ಟು ಹೊತ್ತು ನಿಯಮಾವಳಿಯನ್ನು ಗಟ್ಟಿಯಾಗಿ ಓದಬೇಕೆಂದು ಕೋರುತ್ತೇನೆ. ನಡಾವಳಿ ಬರೆದುಕೊಳ್ಳಲು ನಾನೇ ಬರುತ್ತೇನೆ, ಬಿರುಗಾಳಿಯನ್ನು ಬರೆದು ನನಗೆ ರೂಢಿಯಿದೆ.

ತಮ್ಮ ಗಂಟಲು ಸದಾ ತಿಳಿಯಾಗಿರಲೆಂದು ಹಾರೈಸುವ,
ತಮ್ಮ ವಿಶ್ವಾಸಿ,
ಸಾಗಿನ್‌ಬೇಕ್

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಡಾಕ್ಟರರ ತಾಯಿ, ಎಂಬತ್ತೆರಡರ ಉರುಮ್‌ಕಾನ್ ಅಜ್ಜಿ, ಕೋಲೂರಿಕೊಂಡು ಮನೆಗೆ ಬಂದರು. ಮರಿಮಗನನ್ನು ತೊಟ್ಟಿಲಿಗೆ ಹಾಕಲು ಸಾಲ್ಕಿನಾಯಳೇ ಬೇಕೆಂದು ಅವರ ಹಟವಂತೆ. ಕೂಸು ಇನ್ನೂ ತಾಯಿಯ ಮಗ್ಗುಲಲ್ಲೇ ಮಲಗುತ್ತಿದೆ. ಅಜ್ಜಿ ಜೇಬಿನಿಂದ ಪೊಟ್ಟಣವೊಂದನ್ನು ತೆಗೆದು ನನ್ನ ಹೆಂಡತಿಯ ಕೈಗಿಟ್ಟರು. ಅದರಲ್ಲಿದ್ದದ್ದು ಬಿಳಿ ಮಾತ್ರೆ. “ಇದನ್ನ ತಗೋ ಮಗಳೇ, ಕೆಮ್ಮು ನಿಂತ ಮೇಲೆ ಬಾ. ನನ್ನ ಮಗ ನಂಗೆ ಇದನ್ನೇ ಕೊಡೋದು. ಆ ಗುಲಾಬಿದು ಊರೋರಿಗೆ” ಎಂದರು.