ಬೇಳೆ ಬೇಯದಿರುವುದಕ್ಕೆ ಸೊಸೆ ಕಾರಣಳಲ್ಲವೆಂದು ಪ್ರಮಾಣಪತ್ರ ಕೋರಿ

ಇಂದ:
ದಾನೇಶ್ವರಿ ಕೋಂ ಹೇಮಂತ,
ಹೊಸ ಬಡಾವಣೆ, ಅಣ್ಣಿಗೇರಿ (ತವರು: ಯರಗುಪ್ಪಿ)

ಗೆ:
ನೀರು ತಪಾಸಣೆ ಮಾಡುವ ಮಾನ್ಯ ಸಾಹೇಬರು
(ಕಚೇರಿ ಎಲ್ಲಿದೆಯೆಂದು ತಿಳಿಯದ ಕಾರಣ ಟಪಾಲಿನವರು ಹುಡುಕಿ ಮುಟ್ಟಿಸುವುದು)

ವಿಷಯ: ತೊಗರಿಬೇಳೆ ಬೇಯದಿರುವುದಕ್ಕೆ ಬೋರಿನ ನೀರು ಕಾರಣವೇ ಹೊರತು ಸೊಸೆಯಲ್ಲವೆಂದು ದೃಢೀಕರಿಸುವ ಕುರಿತು.

ಉಲ್ಲೇಖ: ಅತ್ತೆ ರೇವವ್ವನವರು ಮೊನ್ನೆ ಕಟ್ಟೆಯ ಮೇಲೆ ನಿಂತು ಆಡಿದ ಮಾತು: "ನಿಮ್ಮ ಯರಗುಪ್ಪ್ಯಾಗ ಬೇಳಿ ಕುದಸೂದು ಯಾರೂ ಕಲಸ್ಲಿಲ್ಲೇನ ಬೇ?"

ಮಾನ್ಯರೇ,

ಅರ್ಜಿದಾರಳ ಪರವಾಗಿ ತಮ್ಮ ಅವಗಾಹನೆಗೆ ತರುವುದೇನೆಂದರೆ,

೧. ಸದರಿ ದಾನೇಶ್ವರಿಯು ಮದುವೆಯಾಗಿ ಬಂದಾಗಿನಿಂದ ಈ ಮನೆಯಲ್ಲಿ ಬೇಳೆ ಬೆಂದಿರುವುದಿಲ್ಲ. ಚಹಾ ಒಡೆಯುತ್ತದೆ. ಸಾಬೂನು ನೊರೆ ಬಿಡುವುದಿಲ್ಲ. ಎಲ್ಲಕ್ಕೂ ಒಬ್ಬಳೇ ಆರೋಪಿ. ಕಾರಣ, ಸೋಮವಾರ ಬೀಗರನ್ನು ಕರೆಸಿ, ಅಡುಗೆ ಕಲಿತು ಬರಲೆಂದು ಸೊಸೆಯನ್ನು ತವರಿಗೆ ಕಳಿಸುವುದೆಂದು ತೀರ್ಮಾನವಾಗಿರುತ್ತದೆ. ಅಪ್ಪನ ಮುಂದೆ ಈ ಮಾತು ಬರುವುದನ್ನು ನೆನೆದು ಆಕೆಗೆ ಅಗದಿ ನಾಚಿಕೆಯಾಗಿದೆ. ಸಿಟ್ಟೂ ಬಂದಿದೆ.

೨. ನೀರಿನ ಪೂರ್ವಾಪರ: ಮಾವ ಈರಬಸಪ್ಪನವರು ತಮ್ಮ ಹೊಲದ ತಗ್ಗಿನಲ್ಲಿದ್ದ ಸಿಹಿನೀರಿನ ಹೊಂಡ ಮುಚ್ಚಿಸಿ, ಪ್ಲಾಟು ಹಾಕಿಸಿ, ಸದರಿ ಮದುವೆಯ ಹೊತ್ತಿಗೆ ನಟ್ಟನಡುವೆ ತಮ್ಮ ಮನೆಯನ್ನೇ ಕಟ್ಟಿಸಿ ಬೋರು ಕೊರೆಸಿರುತ್ತಾರೆ. ಉಳಿದ ಮೇಲಿನ ಹೊಲಕ್ಕೆ ಚೀಲಗಟ್ಟಲೆ ಗೊಬ್ಬರ ಸುರಿದು ಕಾಲುವೆ ನೀರು ಹಾಯಿಸುತ್ತಾರೆ. ಆ ನೀರು ಗೊಬ್ಬರವನ್ನೂ ನೆಲದ ಸವಳುಪ್ಪನ್ನೂ ಕರೆದುಕೊಂಡು ಕೆಳಗಿನ ಬೋರಿಗೆ ಇಳಿಯುತ್ತದೆ. ಬಡಾವಣೆಗೆ ಗಟಾರವಿಲ್ಲದ ಕಾರಣ ಮನೆಮನೆಯ ಬಚ್ಚಲ ನೀರೂ ಗುಂಡಿಯಲ್ಲಿ ಇಂಗಿ ಅಲ್ಲಿಗೇ ಬಂದು ಸೇರುತ್ತದೆ. ಆದ್ದರಿಂದ ಮಾವನವರು ಮೇಲೆ ಸುರಿದದ್ದನ್ನೇ ಕೆಳಗೆ ಎತ್ತಿ ಕುಡಿಯುತ್ತಿದ್ದಾರೆ. ಇಂಥ ಗಡಸು ನೀರಿನಲ್ಲಿ ಯಾರು ಕುದಿಸಿದರೂ ಬೇಳೆ ಬೇಯುವುದಿಲ್ಲ.

೩. ಇದನ್ನು ಸೊಸೆಯಾದವಳು ಮಾವನಿಗೆ ಹೇಳುವಂತಿಲ್ಲ. ಗಂಡ ಹೇಮಂತನು "ನನ್ನ ನಡುವ ತರಬ್ಯಾಡ" ಎಂದು ಖಾನಾವಳಿ ಹಿಡಿದಿರುತ್ತಾನೆ.

೪. ನಿನ್ನೆ ರೇವವ್ವನವರು "ಬಾಜೂಕ ಸರಿ, ನಾ ಮಾಡಿ ತೋರಸ್ತೇನಿ" ಎಂದು ಸ್ವತಃ ಒಲೆಯ ಮುಂದೆ ನಿಂತರು. ಸೀಟಿ ಹೊಡೆಹೊಡೆದು ಕುಕ್ಕರೇ ದಣಿಯಿತು. ಮುಚ್ಚಳ ತೆಗೆದರೆ ಬೇಳೆ ಹಾಕಿದ ಹಾಗೇ ಇತ್ತು. ಅತ್ತೆಯವರು ಮೊದಲು ಬೇಳೆಯನ್ನು ಬೈದರು, ಆಮೇಲೆ ಅಂಗಡಿಯವನನ್ನು, ಆಮೇಲೆ ಗ್ಯಾಸನ್ನು. ಕೊನೆಗೆ ಸೊಸೆಯ ಹತ್ತಿರ ಬಂದು ಮೆಲ್ಲಗೆ, "ಓಣಿ ತುಂಬ ಹೇಳೇನಿ, ಈಗ ಹಿಂದ ಹೆಂಗ ಸರೀಲೆವ್ವಾ? ಸಾಹೇಬ್ರ ಕಾಗದ ಬಂದ್ರ ಸರೀತೇನಿ. ನಾ ಕುದಿಸಿದ್ದು ಮಾತ್ರ ಬರಸಬ್ಯಾಡ" ಎಂದರು. ಕಾರಣ, ಈ ನಾಲ್ಕನೇ ಅಂಶವನ್ನು ತಾವು ಓದಿಲ್ಲವೆಂದು ಭಾವಿಸತಕ್ಕದ್ದು.

ಆದ್ದರಿಂದ ದಯಾಳುಗಳಾದ ತಾವು ನೀರನ್ನು ಪರೀಕ್ಷಿಸಿ, ಬೀಗರು ಬಸ್ಸಿಳಿಯುವುದರೊಳಗೆ ಪ್ರಮಾಣಪತ್ರ ದಯಪಾಲಿಸಬೇಕಾಗಿ ವಿನಂತಿ.

ತಮ್ಮ ವಿಶ್ವಾಸಿ, ಸದ್ಯಕ್ಕೆ ಈ ಮನೆಯಲ್ಲೇ ಇರುವ,
ದಾನೇಶ್ವರಿ

ಬರೆದುಕೊಟ್ಟವರು: ಹೊಳಬಸಪ್ಪ, ಅರ್ಜಿ ಬರಹಗಾರ (ಅರ್ಜಿದಾರಳ ಬಯ್ಗುಳಗಳನ್ನು ಕೈಬಿಡಲಾಗಿದೆ)

ಲಗತ್ತು:
ಬೋರಿನ ನೀರು, ಒಂದು ಬಾಟಲಿ.
ಬೇಯದ ಬೇಳೆ, ಒಂದು ಡಬ್ಬಿ. ಕುದಿಸಿದವರ ಹೆಸರು ಕೇಳಬಾರದು.

ವಿ.ಸೂ.: ಪ್ರಮಾಣಪತ್ರದಲ್ಲಿ ಮಾವನವರ ಹೆಸರು ನಮೂದಿಸುವ ಅವಶ್ಯಕತೆ ಇಲ್ಲ. ಅವರ ವಿಚಾರಣೆಯನ್ನು ಅತ್ತೆಯವರು ಮನೆಯಲ್ಲೇ ನಡೆಸುವವರಿದ್ದಾರೆ.